ನಾಲ್ಕು ವಾರದ ಸೂಜಿ



ಜ್ವರ ಬಂದರೆ ನಾವು ಆಸ್ಪತ್ರೆಗೆ ಹೋಗುತ್ತೇವೆ. ಸೂಜಿ ಹಾಕಿಸಿಕೊಳ್ಳುತ್ತೇವೆ. ಮಗುವಿಗೆ ಲಸಿಕೆ ಹಾಕಿಸುತ್ತೇವೆ. ಇದನ್ನು ಯಾರಿಗೂ ಮುಚ್ಚಿಡುವುದಿಲ್ಲ.

ಮನಸ್ಸಿಗೆ ಕಾಯಿಲೆ ಬಂದರೆ ಏನು ಮಾಡುತ್ತೇವೆ? ಬಾಗಿಲು ಹಾಕಿಕೊಳ್ಳುತ್ತೇವೆ. ತಾಯಿತ ಕಟ್ಟಿಸುತ್ತೇವೆ. ನೆಂಟರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇವೆ. ಅಷ್ಟರಲ್ಲಿ ಕಾಯಿಲೆ ಬಲಿತುಬಿಡುತ್ತದೆ.

ಮನಸ್ಸಿನ ಕಾಯಿಲೆಗೂ ಔಷಧಿ ಇದೆ. ಮಾತ್ರೆ ಇದೆ, ಸೂಜಿಯೂ ಇದೆ. ಒಂದು ಸಲ ಹಾಕಿಸಿಕೊಂಡರೆ ಎರಡು ವಾರ, ನಾಲ್ಕು ವಾರ ಕೆಲಸ ಮಾಡುವ ಸೂಜಿ ಅದು. ಅದನ್ನು ಯಾರು ಕೊಡುತ್ತಾರೆ? ಹೇಗೆ ಕೊಡುತ್ತಾರೆ? ಯಾಕೆ ಕೊಡುತ್ತಾರೆ? ಬನ್ನಿ, ತಿಳಿದುಕೊಳ್ಳೋಣ.

ಒಂದು ಮನೆಯ ಕತೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಅವರನ್ನೂ ಅವರ ಮಗಳನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇವೆ. "ಬರೀರಿ ಟೀಚರಮ್ಮ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಎಂದರು ಅಕ್ಕ.

ಅವರ ಮಗಳಿಗೆ 24 ವರ್ಷ. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಬಂದಳು. ರಾತ್ರಿ ನಿದ್ದೆ ಇಲ್ಲ. ಒಬ್ಬಳೇ ಮಾತಾಡುತ್ತಿದ್ದಳು. "ಗೋಡೆ ಆಚೆ ಯಾರೋ ನನ್ನ ಬೈತಿದಾರೆ" ಅನ್ನುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಅನ್ನದಲ್ಲಿ ವಿಷ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದಳು.

ಊರಿನವರು ಒಂದೊಂದು ಹೇಳಿದರು. ಗಾಳಿ ಅಂದರು, ಮಾಟ ಅಂದರು. ಕೊನೆಗೆ ಆಶಾ ಕಾರ್ಯಕರ್ತೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮನಸ್ಸಿನ ಡಾಕ್ಟರು ನೋಡಿದರು. ಮಾತ್ರೆ ಬರೆದುಕೊಟ್ಟರು.

ಮಗಳು ಮಾತ್ರೆ ನುಂಗಲಿಲ್ಲ. ಬಾಯಲ್ಲಿಟ್ಟುಕೊಂಡು ಆಚೆ ಹೋಗಿ ಉಗಿಯುತ್ತಿದ್ದಳು. ಒಂದು ದಿನ ಮೂಟೆ ಸರಿಸಿದಾಗ ಹಿಂದೆ ಹತ್ತಾರು ಮಾತ್ರೆ ಸಿಕ್ಕಿದವು. ಅಕ್ಕನಿಗೆ ದಿಕ್ಕು ತೋಚಲಿಲ್ಲ. ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕಿದರು.

ಮಗಳು ಅದನ್ನು ನೋಡಿಬಿಟ್ಟಳು.

"ವಿಷ ಹಾಕ್ತಾರೆ ಅಂತ ನಾನು ಹೇಳ್ತಿರ್ಲಿಲ್ವಾ? ನೀನೂ ಅವರ ಜೊತೆ ಸೇರ್ಕೊಂಡ್ಯಾ ಅವ್ವಾ?" ಎಂದಳು. ಅವತ್ತಿನಿಂದ ತಾಯಿ ಕೈಯ ಊಟ ಬಿಟ್ಟಳು. ಅಂಗಡಿಯಿಂದ ಬ್ರೆಡ್ಡು ತಂದು ತಿನ್ನುತ್ತಿದ್ದಳು.

ಅಕ್ಕ ಮತ್ತೆ ಆಸ್ಪತ್ರೆಗೆ ಹೋದರು. ಅಲ್ಲಿನ ಸಿಸ್ಟರಿಗೆ ಅಳುತ್ತಾ ಎಲ್ಲ ಹೇಳಿದರು. ಸಿಸ್ಟರ್ ಬೈಯಲಿಲ್ಲ. "ಅಕ್ಕಾ, ನೀವು ಮಗಳ ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಕದ್ದು ಕೊಟ್ಟ ಔಷಧಿ ನಂಬಿಕೆ ಕೆಡಿಸುತ್ತೆ. ಇನ್ನೊಂದು ದಾರಿ ಇದೆ. ಅವಳನ್ನ ಕರ್ಕೊಂಡು ಬನ್ನಿ. ಅವಳ ಹತ್ರಾನೇ ಮಾತಾಡೋಣ" ಎಂದರು.

ಇದು ಎಂಥ ಕಾಯಿಲೆ?

ಇಲ್ಲದ ಮಾತು ಕೇಳಿಸುವುದು. ಎಲ್ಲರೂ ನನಗೆ ಕೇಡು ಮಾಡುತ್ತಾರೆ ಎಂದು ಬಲವಾಗಿ ನಂಬುವುದು. ಮಾತು ಹಳಿ ತಪ್ಪುವುದು. ಸ್ನಾನ, ಊಟ, ಕೆಲಸ ಯಾವುದರಲ್ಲೂ ಮನಸ್ಸಿಲ್ಲದೆ ಮೂಲೆ ಹಿಡಿಯುವುದು. ಇಂಥ ಕಾಯಿಲೆಗೆ ಡಾಕ್ಟರು ಸ್ಕಿಜೋಫ್ರೀನಿಯಾ ಎನ್ನುತ್ತಾರೆ.

ಇದು ದೆವ್ವದ ಕಾಟ ಅಲ್ಲ. ಪಾಪದ ಫಲವೂ ಅಲ್ಲ. ತಾಯಿ ಬೆಳೆಸಿದ್ದು ಸರಿ ಇಲ್ಲ ಎಂದು ಬರುವುದೂ ಅಲ್ಲ. ಮೆದುಳಿನ ಕೆಲಸದಲ್ಲಿ ಏರುಪೇರಾಗಿ ಬರುವ ಕಾಯಿಲೆ ಇದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದ ಹಾಗೆ ಇದನ್ನೂ ಔಷಧಿಯಿಂದ ಹಿಡಿತದಲ್ಲಿ ಇಡಬಹುದು.

ಆದರೆ ಒಂದು ತೊಡಕು ಇದೆ. ಸ್ವಲ್ಪ ವಾಸಿ ಅನ್ನಿಸಿದ ಕೂಡಲೇ ಅನೇಕರು ಔಷಧಿ ಬಿಟ್ಟುಬಿಡುತ್ತಾರೆ. ಬಿಟ್ಟ ಮಾರನೇ ದಿನ ಏನೂ ಆಗುವುದಿಲ್ಲ. ವಾರ, ತಿಂಗಳು ಕಳೆದ ಮೇಲೆ ಕಾಯಿಲೆ ಮರಳಿ ಬರುತ್ತದೆ. ಹೀಗೆ ಮತ್ತೆ ಮತ್ತೆ ಬಂದರೆ ವಾಸಿಯಾಗುವುದು ಕಷ್ಟವಾಗುತ್ತಾ ಹೋಗುತ್ತದೆ.

ಮಾತ್ರೆ ಇರುವಾಗ ಸೂಜಿ ಯಾಕೆ?

ಮಾತ್ರೆಯನ್ನು ದಿನವೂ ನುಂಗಬೇಕು. ದಿನವೂ ನೆನಪಿಡಬೇಕು. ಮನೆಯಲ್ಲಿ ದಿನವೂ ಅದೇ ಮಾತು. "ನುಂಗಿದ್ಯಾ? ಬಾಯಿ ತೆರಿ ನೋಡೋಣ." ಇದರಿಂದ ಮನೆಯಲ್ಲಿ ಜಗಳ.

ಅಕ್ಕನ ಮಗಳು ಸಿಸ್ಟರಿಗೆ ಹೇಳಿದ ಮಾತು ಕೇಳಿ:

"ದಿನಾ ಮಾತ್ರೆ ನೋಡಿದ್ರೆ, ನನಗೆ ತಲೆ ಸರಿ ಇಲ್ಲ ಅಂತ ದಿನಾ ಹೇಳಿದಂಗೆ ಆಗುತ್ತೆ ಸಿಸ್ಟರ್."

ಸಿಸ್ಟರ್ ಹೇಳಿದರು: "ಸೂಜಿ ಆದ್ರೆ ನಾಲ್ಕು ವಾರಕ್ಕೆ ಒಂದು ಸಲ ಸಾಕಾಗಬಹುದು. ಮಿಕ್ಕ ದಿನ ನೀನುಂಟು, ನಿನ್ನ ಕೆಲಸ ಉಂಟು."

ಸೂಜಿಯಲ್ಲಿ ಇನ್ನೊಂದು ಅನುಕೂಲ ಇದೆ. ಯಾರಾದರೂ ಬರದೆ ಹೋದರೆ ಅವತ್ತೇ ಆಸ್ಪತ್ರೆಗೆ ಗೊತ್ತಾಗುತ್ತದೆ. ಸಿಸ್ಟರ್ ಫೋನು ಮಾಡಿ ವಿಚಾರಿಸಬಹುದು. ಆಶಾ ಅವರಿಗೆ ಹೇಳಿ ಕಳಿಸಬಹುದು. ಮಾತ್ರೆಯಾದರೆ ಹೀಗಲ್ಲ. ಬಿಟ್ಟಿದ್ದು ಕಾಯಿಲೆ ಬಂದ ಮೇಲೆಯೇ ಗೊತ್ತಾಗುತ್ತದೆ.

ಹಾಗಂತ ಸೂಜಿ ಎಲ್ಲರಿಗೂ ಬೇಕಿಲ್ಲ. ಮಾತ್ರೆ ಸರಿಯಾಗಿ ನುಂಗುವವರಿಗೆ ಮಾತ್ರೆಯೇ ಸಾಕು. ಯಾರಿಗೆ ಯಾವುದು ಎಂದು ಡಾಕ್ಟರು ಕಾಯಿಲೆಯವರ ಜೊತೆ ಮಾತಾಡಿ ಗೊತ್ತು ಮಾಡುತ್ತಾರೆ.

ಅಷ್ಟು ದಿನ ಹೇಗೆ ಕೆಲಸ ಮಾಡುತ್ತದೆ?

ಜ್ವರದ ಸೂಜಿ ಒಂದೇ ದಿನದಲ್ಲಿ ಇಳಿದುಹೋಗುತ್ತದೆ. ಈ ಸೂಜಿ ವಾರಗಟ್ಟಲೆ ಉಳಿಯುತ್ತದೆ. ಇದು ಹೇಗೆ?

ಬೇಸಿಗೆಯಲ್ಲಿ ಸಸಿ ಉಳಿಸಲು ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಬುಡದ ಹತ್ತಿರ ಮಣ್ಣಿನ ಮಡಕೆ ಹೂಳುತ್ತಿದ್ದರು. ಮಡಕೆ ತುಂಬ ನೀರು ಹಾಕುತ್ತಿದ್ದರು. ನೀರು ಸ್ವಲ್ಪ ಸ್ವಲ್ಪವೇ ಜಿನುಗುತ್ತಿತ್ತು. ಸಸಿ ಒಣಗುತ್ತಿರಲಿಲ್ಲ.

ಈ ಸೂಜಿಯೂ ಹಾಗೆಯೇ. ಔಷಧಿಯನ್ನು ಎಣ್ಣೆಯಲ್ಲಿ ಬೆರೆಸಿರುತ್ತಾರೆ. ನಮ್ಮ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಹಳ ಕಾಲದಿಂದ ಬಳಸಿದ ಔಷಧಿಯ ಹೆಸರು ಫ್ಲುಫೆನಜಿನ್ ಡೆಕನೋಯೇಟ್. ಇದನ್ನು ಎಳ್ಳೆಣ್ಣೆಯಲ್ಲಿ ಮಾಡಿರುತ್ತಾರೆ. ಹೌದು, ನಮಗೆಲ್ಲ ಗೊತ್ತಿರುವ ಎಳ್ಳಿನ ಎಣ್ಣೆಯೇ. ಸೂಜಿಗೆಂದೇ ಶುದ್ಧಿ ಮಾಡಿದ್ದು. ದಪ್ಪ ಮಾಂಸಖಂಡದ ಒಳಗೆ ಈ ಎಣ್ಣೆ ಕೂರುತ್ತದೆ. ಅಲ್ಲಿಂದ ಔಷಧಿ ದಿನವೂ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರುತ್ತದೆ.

ಇದರ ಒಂದು ಮಿಲಿ ಲೀಟರಿನಲ್ಲಿ 25 ಮಿಲಿಗ್ರಾಂ ಔಷಧಿ ಇರುತ್ತದೆ. ಸಾಮಾನ್ಯವಾಗಿ ಎರಡು ವಾರದಿಂದ ನಾಲ್ಕು ವಾರಕ್ಕೆ ಒಂದು ಸಲ ಕೊಡುತ್ತಾರೆ. ಹ್ಯಾಲೋಪೆರಿಡಾಲ್ ಡೆಕನೋಯೇಟ್ ಎಂಬ ಇನ್ನೊಂದು ಸೂಜಿಯೂ ಎಣ್ಣೆಯದೇ. ಈಗ ಎಣ್ಣೆ ಇಲ್ಲದ ಹೊಸ ಸೂಜಿಗಳೂ ಬಂದಿವೆ. ಅವುಗಳಲ್ಲಿ ಮೂರು ತಿಂಗಳಿಗೆ ಒಂದು ಸಲದ್ದೂ ಇದೆ. ಆದರೆ ಅವುಗಳ ಬೆಲೆ ಹೆಚ್ಚು.

ಒಂದು ಮಾತು ನೆನಪಿರಲಿ. ಮಾತ್ರೆ ಒಗ್ಗದಿದ್ದರೆ ನಾಳೆಯಿಂದ ನಿಲ್ಲಿಸಬಹುದು. ಒಳಗೆ ಹೋದ ಸೂಜಿಯನ್ನು ವಾಪಸು ತೆಗೆಯಲು ಆಗುವುದಿಲ್ಲ. ಆದ್ದರಿಂದ ಮೊದಲ ಸಲ ಕಡಿಮೆ ಕೊಟ್ಟು ನೋಡುತ್ತಾರೆ. ಫ್ಲುಫೆನಜಿನ್ ಆದರೆ ಅರ್ಧ ಮಿಲಿ ಲೀಟರ್, ಅಂದರೆ 12.5 ಮಿಲಿಗ್ರಾಂ. ಒಗ್ಗಿದರೆ ಮುಂದಕ್ಕೆ ಹೋಗುತ್ತಾರೆ.

ಸಿಸ್ಟರ್ ಮೊದಲು ಕೇಳುತ್ತಾರೆ

ನಾವು ಅಕ್ಕನ ಜೊತೆ ಒಂದು ದಿನ ಆಸ್ಪತ್ರೆಗೆ ಹೋಗಿದ್ದೆವು. ಸಿಸ್ಟರ್ ಬಂದ ಕೂಡಲೇ ಸೂಜಿ ಹಿಡಿಯಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿದ್ದೆ ಹೆಂಗಿದೆ ಕಣಮ್ಮ? ಮಾತು ಕೇಳಿಸೋದು ಕಡಿಮೆ ಆಗಿದ್ಯಾ? ಕೈ ನಡುಗುತ್ತಾ? ಮುಟ್ಟು ಸರಿಯಾಗಿ ಆಗ್ತಿದ್ಯಾ? ಹೋದ ಸಲ ಸೂಜಿ ಹಾಕಿದ ಜಾಗದಲ್ಲಿ ಗಂಟು, ನೋವು ಏನಾದ್ರೂ ಇತ್ತಾ?"

ಉತ್ತರವನ್ನು ಮಗಳ ಬಾಯಿಂದಲೇ ಕೇಳಿದರು. ಅಕ್ಕ ನಡುವೆ ಬಾಯಿ ಹಾಕಿದಾಗ, "ಮೊದ್ಲು ಅವಳು ಹೇಳ್ಲಿ ಅಕ್ಕಾ, ಆಮೇಲೆ ನೀವು" ಎಂದರು. ತೂಕ ನೋಡಿದರು. ರಕ್ತದೊತ್ತಡ ನೋಡಿದರು.

ಮೊದಲ ಸಲ ಬಂದಾಗ ಇನ್ನೂ ಎರಡು ಪ್ರಶ್ನೆ ಕೇಳಿದ್ದರಂತೆ. ಒಂದು: "ಎಳ್ಳು ತಿಂದ್ರೆ ಮೈ ಕಡಿಯೋದು, ಗಂದೆ ಏಳೋದು ಇದ್ಯಾ?" ಎಳ್ಳು ಆಗದವರಿಗೆ ಎಳ್ಳೆಣ್ಣೆ ಸೂಜಿ ಕೊಡುವುದಿಲ್ಲ. ಎರಡು: "ಬಸುರಿ ಆಗಿದ್ದೀಯಾ? ಮಗುವಿಗೆ ಹಾಲು ಕೊಡ್ತಿದ್ದೀಯಾ?" ಹೌದಾದರೆ ಡಾಕ್ಟರು ಮತ್ತೆ ಯೋಚಿಸಿ ಔಷಧಿ ಗೊತ್ತು ಮಾಡಬೇಕು. ಈ ಪ್ರಶ್ನೆಗೆ ನಾಚಿಕೆ ಬೇಡ. ನಿಜ ಹೇಳಿ.

ಸೂಜಿ ಹಾಕುವ ಬಗೆ

ಸಿಸ್ಟರ್ ಒಂದೊಂದೂ ವಿವರಿಸಿ ಹೇಳಿದರು. ನಾವು ಬರೆದುಕೊಂಡೆವು.

1. ಹೆಸರು ಕೇಳಿ ಕಾರ್ಡು ನೋಡುತ್ತಾರೆ. ಯಾವ ಔಷಧಿ, ಎಷ್ಟು, ಹೋದ ಸಲ ಯಾವ ಕಡೆ ಹಾಕಿದ್ದು ಎಂದು ನೋಡುತ್ತಾರೆ. ಔಷಧಿಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ಓದುತ್ತಾರೆ.

2. ಕೈ ತೊಳೆಯುತ್ತಾರೆ. ಹೊಸ ಸಿರಿಂಜು, ಹೊಸ ಸೂಜಿ ನಮ್ಮ ಎದುರೇ ಬಿಚ್ಚುತ್ತಾರೆ.

3. ಸಿರಿಂಜು, ಸೂಜಿ ಪೂರ್ತಿ ಒಣಗಿರಬೇಕು. ಉಪ್ಪಿನಕಾಯಿ ಭರಣಿಗೆ ನಾವು ಒದ್ದೆ ಚಮಚ ಹಾಕುತ್ತೇವೆಯೇ? ಇಲ್ಲ. ನೀರು ತಾಗಿದರೆ ಈ ಎಣ್ಣೆಯೂ ಕದಡಿದ ಹಾಗೆ ಬೆಳ್ಳಗಾಗುತ್ತದೆ. ಎಣ್ಣೆ ಮಂದ. ಹಾಗಾಗಿ ಸೂಜಿ ತೀರ ಸಣ್ಣದಾದರೆ ಆಗುವುದಿಲ್ಲ.

4. ಪರದೆ ಎಳೆಯುತ್ತಾರೆ. ಹೆಂಗಸರಿಗೆ ಇದು ಬಹಳ ಮುಖ್ಯ. ಈ ಸೂಜಿಯನ್ನು ಹೆಚ್ಚಾಗಿ ಕುಂಡಿಗೆ ಹಾಕುತ್ತಾರೆ. ಪರದೆ ಇಲ್ಲದಿದ್ದರೆ ಕೇಳಿ. ಹೆಣ್ಣು ಸಿಸ್ಟರ್ ಬೇಕು ಎಂದು ಕೇಳಬಹುದು. ಕೇಳುವುದು ತಪ್ಪಲ್ಲ.

5. ಜಾಗ ಹುಡುಕುತ್ತಾರೆ. ಒಂದು ಕಡೆಯ ಕುಂಡಿಯ ಮೇಲೆ ಕೂಡಿಸುವ ಚಿಹ್ನೆ ಹಾಕಿದಂತೆ ಮನಸ್ಸಿನಲ್ಲೇ ನಾಲ್ಕು ಭಾಗ ಮಾಡುತ್ತಾರೆ. ಮೇಲಿನ, ಹೊರಗಿನ ಭಾಗಕ್ಕೆ ಮಾತ್ರ ಹಾಕುತ್ತಾರೆ. ಯಾಕೆಂದರೆ ಕಾಲಿಗೆ ಹೋಗುವ ದೊಡ್ಡ ನರ ಆ ಭಾಗದಿಂದ ದೂರ ಇರುತ್ತದೆ. ನರಕ್ಕೆ ಸೂಜಿ ತಗುಲಿದರೆ ಕಾಲು ಸ್ವಾಧೀನ ತಪ್ಪಬಹುದು. ಗೊತ್ತಿಲ್ಲದವರ ಕೈಯಲ್ಲಿ ಸೂಜಿ ಹಾಕಿಸಿಕೊಳ್ಳಬಾರದು ಅನ್ನುವುದು ಇದಕ್ಕೇ.

6. ಸ್ಪಿರಿಟ್ ಹತ್ತಿಯಿಂದ ಒರೆಸಿ, ಆರಲು ಬಿಡುತ್ತಾರೆ.

7. ಚರ್ಮವನ್ನು ಒಂದು ಬೆರಳಗಲದಷ್ಟು ಪಕ್ಕಕ್ಕೆ ಎಳೆದು ಹಿಡಿಯುತ್ತಾರೆ. ಹಾಗೇ ಹಿಡಿದುಕೊಂಡು ಸೂಜಿಯನ್ನು ನೆಟ್ಟಗೆ ಚುಚ್ಚುತ್ತಾರೆ. ಇದು ಯಾಕೆ? ಎರಡು ಬಟ್ಟೆ ಒಂದರ ಮೇಲೊಂದು ಇಟ್ಟು ಸೂಜಿ ಚುಚ್ಚಿ ತೆಗೆಯಿರಿ. ಆಮೇಲೆ ಮೇಲಿನ ಬಟ್ಟೆ ಸ್ವಲ್ಪ ಸರಿಸಿ. ಎರಡು ತೂತು ಈಗ ಒಂದೇ ನೇರಕ್ಕೆ ಇರುವುದಿಲ್ಲ. ಇಲ್ಲಿಯೂ ಹಾಗೆಯೇ. ಚರ್ಮ ಬಿಟ್ಟ ಕೂಡಲೇ ದಾರಿ ಮುಚ್ಚಿಕೊಳ್ಳುತ್ತದೆ. ಎಣ್ಣೆ ಹೊರಗೆ ಸೋರುವುದಿಲ್ಲ.

8. ಸಿರಿಂಜನ್ನು ಸ್ವಲ್ಪ ಹಿಂದಕ್ಕೆ ಎಳೆದು ನೋಡುತ್ತಾರೆ. ರಕ್ತ ಬಂದರೆ ಸೂಜಿ ರಕ್ತನಾಳದಲ್ಲಿದೆ ಎಂದು ಅರ್ಥ. ಆಗ ಸೂಜಿ ಹೊರಗೆ ತೆಗೆದು, ಹೊಸದಾಗಿ ಶುರು ಮಾಡುತ್ತಾರೆ. ಈ ಎಣ್ಣೆ ರಕ್ತನಾಳಕ್ಕೆ ಹೋಗಬಾರದು.

9. ಔಷಧಿಯನ್ನು ನಿಧಾನವಾಗಿ ಬಿಡುತ್ತಾರೆ. ಬಿಟ್ಟ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಸೂಜಿ ಅಲ್ಲೇ ಇರುತ್ತದೆ. ಆಮೇಲೆ ಸೂಜಿ ತೆಗೆದು, ಚರ್ಮ ಬಿಡುತ್ತಾರೆ.

10. ಹತ್ತಿ ಒತ್ತಿ ಹಿಡಿಯುತ್ತಾರೆ. ಉಜ್ಜುವುದಿಲ್ಲ. ನೀವೂ ಮನೆಯಲ್ಲಿ ತಿಕ್ಕಬೇಡಿ. ತಿಕ್ಕಿದರೆ ಎಣ್ಣೆ ಕೂತ ಜಾಗದಿಂದ ಸರಿಯುತ್ತದೆ. ನೋವೂ ಹೆಚ್ಚುತ್ತದೆ.

11. ಬಳಸಿದ ಸೂಜಿಯನ್ನು ಅದಕ್ಕೆಂದೇ ಇಟ್ಟ ಗಟ್ಟಿ ಡಬ್ಬಿಗೆ ಹಾಕುತ್ತಾರೆ. ಇನ್ನೊಬ್ಬರಿಗೆ ಬಳಸುವುದಿಲ್ಲ.

12. ಕಾರ್ಡಿನಲ್ಲಿ ಬರೆಯುತ್ತಾರೆ. ತಾರೀಖು, ಔಷಧಿ, ಎಷ್ಟು, ಎಡವೋ ಬಲವೋ, ಮುಂದಿನ ತಾರೀಖು. ಒಂದೇ ಕಡೆ ಮತ್ತೆ ಮತ್ತೆ ಹಾಕಿದರೆ ಗಂಟು ಕಟ್ಟುತ್ತದೆ. ಆದ್ದರಿಂದ ಒಂದು ಸಲ ಎಡ, ಒಂದು ಸಲ ಬಲ.

ಸೂಜಿ ಆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಬೇಕು. ದಡಕ್ಕನೆ ಎದ್ದರೆ ತಲೆ ಸುತ್ತಬಹುದು.

ಆಮೇಲೆ ಏನಾಗಬಹುದು?

ಅಕ್ಕನ ಮಗಳಿಗೆ ಮೊದಲ ಸೂಜಿ ಆದ ಮೂರನೇ ದಿನ ಕತ್ತು ಒಂದು ಕಡೆಗೆ ಎಳೆದುಕೊಂಡಿತು. ಕಣ್ಣು ಮೇಲಕ್ಕೆ ಹೋಯಿತು. ನೋಡಿದವರು "ಅದು ಗಾಳೀನೇ, ಸೂಜಿಗೆ ಸಿಟ್ಟು ಬಂದಿದೆ" ಎಂದರು. ಅಕ್ಕ ಹೆದರಿದರು. ಆದರೆ ಸಿಸ್ಟರ್ ಮೊದಲೇ ಹೇಳಿದ್ದರು. "ಹೀಗೂ ಆಗಬಹುದು, ಆದ್ರೆ ಕೂಡಲೇ ಕರ್ಕೊಂಡು ಬನ್ನಿ" ಎಂದು. ಅಕ್ಕ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಔಷಧಿ ಕೊಟ್ಟರು. ಅವತ್ತೇ ಕತ್ತು ಸರಿಹೋಯಿತು.

ಈ ಔಷಧಿಗಳಿಂದ ಕೆಲವರಿಗೆ ಹೀಗೆ ಆಗಬಹುದು:

ಕೈ ನಡುಗುವುದು. ಮೈ ಬಿಗಿಯುವುದು. ಒಂದು ಕಡೆ ಕೂರಲಾರದೆ ಒದ್ದಾಡುವುದು. ಬಾಯಿ ಒಣಗುವುದು. ನಿದ್ದೆ ಜಾಸ್ತಿಯಾಗುವುದು. ತೂಕ ಹೆಚ್ಚುವುದು. ಬಹಳ ವರ್ಷ ತೆಗೆದುಕೊಂಡವರಿಗೆ ಬಾಯಿ, ನಾಲಿಗೆ ತಾನಾಗಿಯೇ ಆಡುವುದು. ಹೆಂಗಸರಿಗೆ ಮುಟ್ಟು ಏರುಪೇರಾಗುವುದು, ಮಗು ಇಲ್ಲದಿದ್ದರೂ ಎದೆಹಾಲು ಬರುವುದು.

ಇವುಗಳನ್ನು ಸಿಸ್ಟರಿಗೆ ಹೇಳಲೇಬೇಕು. ಔಷಧಿಯ ಅಳತೆ ಕಡಿಮೆ ಮಾಡಬಹುದು. ಬೇರೆ ಔಷಧಿ ಕೊಡಬಹುದು. ಮುಟ್ಟು ನಿಂತರೆ ಔಷಧಿಯಿಂದ ಎಂದು ನೀವೇ ತೀರ್ಮಾನ ಮಾಡಬೇಡಿ. ಬಸುರಿಯೂ ಆಗಿರಬಹುದು. ಪರೀಕ್ಷೆ ಮಾಡಿಸಿ.

ಒಂದು ಮಾತ್ರ ತಡ ಮಾಡಬಾರದ ವಿಷಯ. ಜೋರು ಜ್ವರ, ಮೈ ಮರದ ಹಾಗೆ ಬಿಗಿಯುವುದು, ಮಾತಿನ ಮೇಲೆ ಗಮನ ತಪ್ಪುವುದು, ಈ ಮೂರೂ ಒಟ್ಟಿಗೆ ಬಂದರೆ ಜೀವಕ್ಕೆ ಅಪಾಯ. ಇದು ಆಗುವುದು ಬಹಳ ಅಪರೂಪ. ಆದರೆ ಆದರೆ, 108ಕ್ಕೆ ಫೋನು ಮಾಡಿ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಯಾವ ಸೂಜಿ ಹಾಕಿಸಿದ್ದು ಎಂದು ಕಾರ್ಡು ತೋರಿಸಿ.

ಬೇಡ ಎನ್ನಬಹುದೇ?

ಅಕ್ಕನ ಮಗಳು ಮೊದಲ ದಿನವೇ ಇದನ್ನು ಕೇಳಿದ್ದಳು. "ನಂಗೆ ಬೇಡ ಅಂದ್ರೆ?"

ಸಿಸ್ಟರ್ ಹೇಳಿದರು: "ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತೀವಿ. ಬೇರೆ ದಾರಿ ನೋಡ್ತೀವಿ. ಇವತ್ತೇ ಹೇಳಬೇಕು ಅಂತೇನಿಲ್ಲ. ಮನೆಗೆ ಹೋಗಿ ಯೋಚನೆ ಮಾಡು."

ಮಗಳು ಮುಂದಿನ ವಾರ ಬಂದಳು. "ಹಾಕಿ ಸಿಸ್ಟರ್. ಆದ್ರೆ ಅವ್ವ ಇನ್ನು ಸಾರಿಗೆ ಏನೂ ಹಾಕಬಾರದು" ಎಂದಳು. ಅಕ್ಕ ಅಲ್ಲೇ ಮಗಳ ಕೈ ಹಿಡಿದು ಮಾತು ಕೊಟ್ಟರು.

ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇದೆ. ಚಿಕಿತ್ಸೆ ಏನು, ಅದರಿಂದ ಏನಾಗುತ್ತದೆ ಎಂದು ತಿಳಿದುಕೊಳ್ಳುವುದು ಕಾಯಿಲೆಯವರ ಹಕ್ಕು. ತಿಳಿದು ತೀರ್ಮಾನ ಮಾಡಬಲ್ಲವರಿಗೆ ಒಪ್ಪಿಗೆ ಕೇಳಿಯೇ ಚಿಕಿತ್ಸೆ ಕೊಡಬೇಕು. ತೀರ ತುರ್ತಿಗೆ, ತಿಳಿಯುವ ಸ್ಥಿತಿಯಲ್ಲಿ ಇಲ್ಲದವರಿಗೆ ಬೇರೆ ನಿಯಮ ಇದೆ. ಯಾರನ್ನೂ ಸರಪಳಿಯಲ್ಲಿ ಕಟ್ಟಿಹಾಕಬಾರದು ಎಂದೂ ಈ ಕಾಯ್ದೆ ಹೇಳುತ್ತದೆ.

ಮನೆಯಲ್ಲಿ ನಾವೂ ಒಂದು ತಪ್ಪು ಮಾಡುತ್ತೇವೆ. "ಮಾತು ಕೇಳದಿದ್ರೆ ಸೂಜಿ ಹಾಕಿಸ್ತೀನಿ ನೋಡು" ಎಂದು ಹೆದರಿಸುತ್ತೇವೆ. ಸೂಜಿ ಶಿಕ್ಷೆ ಅಲ್ಲ, ಔಷಧಿ. ಹೆದರಿಸಿದರೆ ಒಳ್ಳೆಯ ಔಷಧಿಯೂ ಶತ್ರುವಿನ ಹಾಗೆ ಕಾಣುತ್ತದೆ.

ಹಿಂದೆ ಹೇಗಿತ್ತು?

ಹಿಂದೆ ಈ ಕಾಯಿಲೆಗೆ ಒಳ್ಳೆಯ ಔಷಧಿ ಇರಲಿಲ್ಲ. ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. 1952ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಡಾಕ್ಟರುಗಳು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ಈ ಕಾಯಿಲೆಗೆ ಕೊಟ್ಟು ನೋಡಿದರು. ಗುಣ ಕಂಡಿತು. 1960ರ ದಶಕದಲ್ಲಿ ವಾರಗಟ್ಟಲೆ ಉಳಿಯುವ ಎಣ್ಣೆ ಸೂಜಿ ಬಂತು.

ಔಷಧಿ ಬಂದರೆ ಸಾಕೇ? ಅದು ಹಳ್ಳಿಗೆ ಮುಟ್ಟಬೇಕಲ್ಲ. ಮೊದಲು ನಮ್ಮವರು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡಕ್ಕೋ ಹೋಗಬೇಕಿತ್ತು. ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ತರಬೇತಿ ಕೊಟ್ಟರು. ಊರ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿದರು. ಇದಕ್ಕೆ ಬಳ್ಳಾರಿ ಮಾದರಿ ಎಂದು ಹೆಸರಾಯಿತು. ಇದನ್ನೇ ನೋಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನಾಡಿನಲ್ಲಿ ಶುರುವಾದ ಕೆಲಸ ದೇಶಕ್ಕೇ ದಾರಿಯಾಯಿತು.

ಕರ್ನಾಟಕದಲ್ಲಿ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಬಂತು. ಗೊತ್ತಾದ ದಿನ ಮನಸ್ಸಿನ ಡಾಕ್ಟರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದು. ಹೆಚ್ಚಾಗಿ ಮಂಗಳವಾರ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ಆಶಾ ಅವರನ್ನು ಕೇಳಿ.

ತಪ್ಪಿದ ದಿನ

ಅಕ್ಕನ ಮಗಳು ಸೂಜಿಯಿಂದ ಚೇತರಿಸಿಕೊಂಡಳು. ಮಾತು ಕೇಳಿಸುವುದು ಕಡಿಮೆಯಾಯಿತು. ತಾಯಿ ಜೊತೆ ಕೂತು ಊಟ ಮಾಡಿದಳು. ಹೊಲಿಗೆ ಮಷೀನು ಹೊರಗೆ ತೆಗೆದಳು.

2023ರ ನವೆಂಬರ್ 7ಕ್ಕೆ ಸೂಜಿ ಆಗಿತ್ತು. ಡಿಸೆಂಬರ್ 5ಕ್ಕೆ ಮತ್ತೆ ಬರಬೇಕು ಎಂದು ಕಾರ್ಡಿನಲ್ಲಿ ಬರೆದಿತ್ತು. ಅಕ್ಕನಿಗೆ ಆಗ ಓದಲು ಬರುತ್ತಿರಲಿಲ್ಲ. ಮುಂದಿನ ತಿಂಗಳು ಅಂತ ಅಂದುಕೊಂಡರು. ಅಷ್ಟರಲ್ಲಿ ರಾಗಿ ಕೊಯ್ಲು, ಒಕ್ಕಣೆ. "ಚೆನ್ನಾಗೇ ಇದಾಳಲ್ಲ, ಕಣದ ಕೆಲಸ ಮುಗೀಲಿ" ಅಂದರು ಮನೆಯವರು. ಕಾರ್ಡು ತಗಡಿನ ಪೆಟ್ಟಿಗೆಯಲ್ಲೇ ಉಳಿಯಿತು. ಫೋನು ಬದಲಾಗಿತ್ತು. ಆಸ್ಪತ್ರೆಯಿಂದ ಮಾಡಿದ ಕರೆ ಮುಟ್ಟಲಿಲ್ಲ.

ಡಿಸೆಂಬರ್ ಕೊನೆಗೆ ಮಗಳಿಗೆ ನಿದ್ದೆ ಹೋಯಿತು. ಒಂದು ರಾತ್ರಿ ಹಾಸಿಗೆಯಲ್ಲಿ ಇರಲಿಲ್ಲ. ಊರೆಲ್ಲ ಲಾಟೀನು, ಬ್ಯಾಟರಿ ಹಿಡಿದು ಹುಡುಕಿತು. ಬೆಳಗಿನ ಜಾವ ಕೆರೆ ಏರಿಯ ಮೇಲೆ ಸಿಕ್ಕಳು. ಕಾಲೆಲ್ಲ ಮುಳ್ಳು. "ಕರೀತಿದ್ರು ಅವ್ವಾ, ಅದಕ್ಕೇ ಹೋದೆ" ಎಂದಳು.

2024ರ ಜನವರಿ 2ಕ್ಕೆ ಮತ್ತೆ ಸೂಜಿ ಶುರುವಾಯಿತು. ಅವತ್ತು ಸಂಜೆಯೇ ಅಕ್ಕ ನಮ್ಮ ಕೇಂದ್ರಕ್ಕೆ ಬಂದರು. ಬಾಗಿಲಲ್ಲೇ ನಿಂತು, "ಟೀಚರಮ್ಮ, ನಂಗೆ ಅ ಆ ಇ ಈ ಆಮೇಲೆ ಕಲಿಸಿ. ಮೊದ್ಲು ಈ ಕಾರ್ಡು ಓದೋದು ಹೇಳ್ಕೊಡಿ" ಎಂದರು.

ಕಾರ್ಡು ಓದೋಣ

ಅಕ್ಕನಿಗೆ ಹೇಳಿಕೊಟ್ಟ ಹಾಗೆ ನಿಮಗೂ ಹೇಳುತ್ತೇವೆ. ಕಾರ್ಡಿನಲ್ಲಿ ಹೀಗೆ ಇರುತ್ತದೆ:

2-1-2024, ಎಡ. ಮುಂದಿನ ದಿನ 30-1-2024.
30-1-2024, ಬಲ. ಮುಂದಿನ ದಿನ 27-2-2024.
27-2-2024, ಎಡ. ಮುಂದಿನ ದಿನ 26-3-2024.

ಮೊದಲ ಅಂಕಿ ದಿನ. ಎರಡನೆಯದು ತಿಂಗಳು. ಮೂರನೆಯದು ವರ್ಷ. ನಾಲ್ಕು ವಾರ ಎಂದರೆ 28 ದಿನ. ಒಂದು ತಿಂಗಳು ಅಲ್ಲ. ಮಂಗಳವಾರ ಹಾಕಿಸಿದರೆ ಮತ್ತೆ ಮಂಗಳವಾರವೇ ಬರುತ್ತದೆ. ನಾಲ್ಕು ಮಂಗಳವಾರ ಎಣಿಸಿದರೆ ಆಯಿತು. ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ. ಅಲ್ಲೇ ಎಡ, ಬಲ ಬರೆಯಿರಿ.

ದಿನ ತಪ್ಪಿದರೆ ಏನು ಮಾಡುವುದು? ಬೈತಾರೆ ಅಂತ ಹೆದರಿ ಮನೆಯಲ್ಲಿ ಕೂರಬೇಡಿ. ನೆನಪಾದ ಕೂಡಲೇ ಹೋಗಿ. ಎಷ್ಟು ದಿನ ತಪ್ಪಿದೆ ಎಂದು ನಿಜ ಹೇಳಿ. ಎಷ್ಟು ಕೊಡಬೇಕು ಎಂದು ಡಾಕ್ಟರು ನೋಡುತ್ತಾರೆ.

"ಎಷ್ಟು ವರ್ಷ ಹಾಕಿಸಬೇಕು?" ಎಂದು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ರೀತಿ. ಮೊದಲ ಸಲ ಬಂದ ಕಾಯಿಲೆಗೂ ಸಾಮಾನ್ಯವಾಗಿ ಒಂದೆರಡು ವರ್ಷ ಔಷಧಿ ಬೇಕಾಗುತ್ತದೆ. ಮತ್ತೆ ಮತ್ತೆ ಬಂದರೆ ಇನ್ನೂ ಹೆಚ್ಚು. ನಿಲ್ಲಿಸುವುದಾದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಸೂಜಿಯೊಂದೇ ಸಾಲದು. ನಿದ್ದೆ ಬೇಕು, ಕೈಗೆ ಕೆಲಸ ಬೇಕು, ಜೊತೆಗೆ ಕೂತು ಮಾತಾಡುವವರು ಬೇಕು.

ಆಗಸ್ಟ್ 13

2024ರ ಆಗಸ್ಟ್ 13, ಮಂಗಳವಾರ. ನಾವು ಅಕ್ಕನ ಜೊತೆ ಆಸ್ಪತ್ರೆಗೆ ಹೋದದ್ದು ಅವತ್ತೇ. ಆಸ್ಪತ್ರೆ ತುಂಬ ಜನ. ಸಿಸ್ಟರಿಗೆ ಉಸಿರಾಡಲೂ ಬಿಡುವಿಲ್ಲ. ಪರದೆ ಎಳೆದು, "ಯಾವ ಕಡೆ ಕಣಮ್ಮ ಇವತ್ತು?" ಎಂದರು.

ಅಕ್ಕ ಸೆರಗಿನಿಂದ ಕಾರ್ಡು ತೆಗೆದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಹ-ದಿ-ನಾ-ರು, ಏಳನೇ ತಿಂಗಳು. ಬ-ಲ. ಹೋದ ಸಲ ಬಲ ಸಿಸ್ಟರಮ್ಮ. ಇವತ್ತು ಎಡ."

ಸಿಸ್ಟರ್ ಕಾರ್ಡು ನೋಡಿದರು. ಅಕ್ಕನ ಮುಖ ನೋಡಿದರು. "ಸರಿಯಾಗಿ ಓದಿದ್ರಿ ಅಕ್ಕಾ" ಎಂದರು. ಮಗಳು ಪರದೆಯ ಒಳಗಿಂದಲೇ, "ನಮ್ಮವ್ವ ಈಗ ಬಸ್ಸಿನ ಬೋರ್ಡೂ ಓದುತ್ತೆ" ಎಂದಳು.

ಮನೆಗೆ ಬಂದು ತಾಯಿ ಮಗಳು ಇಬ್ಬರೂ ಸೆಪ್ಟೆಂಬರ್ 10ಕ್ಕೆ ಸುತ್ತು ಹಾಕಿದರು.

ನೆನಪಿಡಿ

ಮನಸ್ಸಿನ ಕಾಯಿಲೆಗೆ ಔಷಧಿ ಇದೆ. ಮುಚ್ಚಿಡಬೇಡಿ.
ಊಟದಲ್ಲಿ ಕದ್ದು ಔಷಧಿ ಬೆರೆಸಬೇಡಿ.
ಸೂಜಿಯ ದಿನ ತಪ್ಪಿಸಬೇಡಿ. ಕಾರ್ಡು ಜೋಪಾನ ಮಾಡಿ.
ಹಾಕಿದ ಜಾಗ ತಿಕ್ಕಬೇಡಿ.
ತೊಂದರೆ ಆದರೆ ಕೂಡಲೇ ಹೇಳಿ.
ಸಂದೇಹ ಇದ್ದರೆ 14416ಕ್ಕೆ ಫೋನು ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕನ್ನಡದಲ್ಲಿ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ.

ಕೂತು ಮಾತಾಡಿ

1. ಅಕ್ಕ ಸಾರಿಗೆ ಮಾತ್ರೆ ಹಾಕಿದ್ದು ಯಾಕೆ? ಅದರಿಂದ ಏನಾಯಿತು?
2. ನಿಮ್ಮ ಊರಿನಲ್ಲಿ ಇಂಥ ಕಾಯಿಲೆಯವರನ್ನು ಜನ ಏನೆಂದು ಕರೆಯುತ್ತಾರೆ? ಹಾಗೆ ಕರೆಯುವುದು ಸರಿಯೇ?
3. ಸೆಪ್ಟೆಂಬರ್ 10ರಿಂದ 28 ದಿನ ಎಣಿಸಿ. ಮುಂದಿನ ಸೂಜಿ ಯಾವ ತಾರೀಖು? ಎಡವೋ, ಬಲವೋ?